ಹಾಟ್ ಟಬ್ ಖರೀದಿ: ನೀರು ಕೆಟ್ಟರೆ ವಾರಂಟಿಯೂ ಇಲ್ಲ

ಬೆಂಗಳೂರು: ಹಾಟ್ ಟಬ್ ಮಾರುವ ಮಳಿಗೆಗೆ ಕಾಲಿಟ್ಟ ಗ್ರಾಹಕನಿಗೆ ಮೊದಲು ತೋರಿಸುವುದು ನೀರು ಚಿಮ್ಮುವ ಜೆಟ್‌ಗಳ ಸಂಖ್ಯೆ, ಬಣ್ಣದ ದೀಪ ಮತ್ತು ಒರಗಿ ಕೂರುವ ಆಸನ. ಅನಂತರ ವಾರಂಟಿಯ ಮಾತು ಬರುತ್ತದೆ. ಐದು ವರ್ಷ, ಹತ್ತು ವರ್ಷ, ಕೆಲವೊಮ್ಮೆ ‘ಜೀವಮಾನ’ ಎಂಬ ಪದವೂ ಕಿವಿಗೆ ಬೀಳುತ್ತದೆ. ಆದರೆ ಅದೇ ವಾರಂಟಿ ಪತ್ರದ ಕೊನೆಯ ಪುಟದ ಸಣ್ಣಕ್ಷರಗಳಲ್ಲಿ, ನೀರಿನ ರಾಸಾಯನಿಕ ಸಮತೋಲನ ತಪ್ಪಿದ್ದರಿಂದ ಉಂಟಾದ ಹಾನಿಗೆ ಕಂಪನಿ ಹೊಣೆಯಲ್ಲ ಎಂಬ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಯಾವ ಕಂಪನಿಯದಾದರೂ ಈ ಷರತ್ತಿನ ಮಾತುಗಳು ಬೇರೆಯಾಗಬಹುದು, ತಿರುಳು ಒಂದೇ.

ನೀರು ಹಿಡಿದಿಡುವುದಕ್ಕೆಂದೇ ಮಾಡಿದ ವಸ್ತುವಿಗೆ ನೀರಿನಿಂದಾದ ಹಾನಿ ವಾರಂಟಿಯಿಂದ ಹೊರಗೆ ಎಂದರೆ ಮೇಲ್ನೋಟಕ್ಕೆ ವಿಚಿತ್ರವೆನಿಸುತ್ತದೆ. ಆದರೆ ಇಡೀ ವ್ಯವಹಾರದ ಕೀಲಿ ಇರುವುದೇ ಅಲ್ಲಿ. ಸೋಸುವ ವ್ಯವಸ್ಥೆ, ನೀರಿನ ನಿರ್ವಹಣೆ ಮತ್ತು ವಾರಂಟಿಗಳನ್ನು ಮಾರಾಟಗಾರರು ಮೂರು ಬೇರೆ ಬೇರೆ ಗುಣಗಳೆಂಬಂತೆ ಬಣ್ಣಿಸುತ್ತಾರೆ. ಗ್ರಾಹಕರೂ ಹಾಗೆಯೇ ಹೋಲಿಸುತ್ತಾರೆ. ವಾಸ್ತವದಲ್ಲಿ ಮೊದಲೆರಡು ಸರಿಯಿಲ್ಲದಿದ್ದರೆ ಮೂರನೆಯದು ಕಾಗದದ ಮೇಲಷ್ಟೇ ಉಳಿಯುತ್ತದೆ. ಗಡಸು ಕೊಳವೆಬಾವಿ ನೀರನ್ನೇ ನೆಚ್ಚಿಕೊಂಡಿರುವ ಕರ್ನಾಟಕದ ಬಹುಭಾಗಕ್ಕೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ.

ಒಂದು ಕಾಲಕ್ಕೆ ತಾರಾ ಹೋಟೆಲುಗಳಿಗೆ ಸೀಮಿತವಾಗಿದ್ದ ಈ ತೊಟ್ಟಿ ಈಗ ಬೆಂಗಳೂರಿನ ಹೊರವಲಯದ ವಿಲ್ಲಾಗಳ ತಾರಸಿಗೂ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ರೆಸಾರ್ಟ್, ಹೋಮ್‌ಸ್ಟೇಗಳ ಜಾಹೀರಾತಿಗೂ ಬಂದು ಕುಳಿತಿದೆ. ಕೆಲವು ಲಕ್ಷ ರೂಪಾಯಿಗಳ ಈ ಖರೀದಿಯಲ್ಲಿ ಮೋಟಾರ್ ಬೈಕ್ ಕೊಳ್ಳುವಾಗ ಕೇಳುವಷ್ಟು ಪ್ರಶ್ನೆಗಳನ್ನೂ ಹೆಚ್ಚಿನವರು ಕೇಳುವುದಿಲ್ಲ.

ಮೊದಲಿಗೆ ಒಂದು ಗೊಂದಲ ನಿವಾರಣೆಯಾಗಬೇಕು. ನಮ್ಮಲ್ಲಿ ನೀರು ಚಿಮ್ಮುವ ಯಾವುದೇ ತೊಟ್ಟಿಯನ್ನು ‘ಜಕೂಝಿ’ ಎಂದು ಕರೆಯುವ ರೂಢಿಯಿದೆ. ಅದು ಮೂಲತಃ ಕಂಪನಿಯೊಂದರ ಹೆಸರು. ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋಗಿ ಪಂಪ್ ತಯಾರಿಕೆಯಲ್ಲಿ ತೊಡಗಿದ್ದ ಜಕೂಝಿ ಕುಟುಂಬ, ಸಂಧಿವಾತದಿಂದ ನರಳುತ್ತಿದ್ದ ಮನೆಯ ಹುಡುಗನ ಚಿಕಿತ್ಸೆಗೆಂದು ಸ್ನಾನದ ತೊಟ್ಟಿಯಲ್ಲಿ ಇಳಿಬಿಡುವ ಪಂಪನ್ನು ರೂಪಿಸಿತು. 1968ರಲ್ಲಿ ರಾಯ್ ಜಕೂಝಿ ಪಂಪ್ ಮತ್ತು ಜೆಟ್‌ಗಳನ್ನು ತೊಟ್ಟಿಯೊಳಗೇ ಅಳವಡಿಸಿದರು. ಸ್ನಾನದ ಕೋಣೆಯಲ್ಲಿಡುವ ಇಂಥ ತೊಟ್ಟಿಯ ನೀರನ್ನು ಪ್ರತಿ ಬಾರಿ ಬಳಸಿದ ಮೇಲೆ ಚೆಲ್ಲಲಾಗುತ್ತದೆ. ಹಾಟ್ ಟಬ್ ಹಾಗಲ್ಲ. ಅದರಲ್ಲಿ ಸಾವಿರ, ಸಾವಿರದೈನೂರು ಲೀಟರ್ ನೀರು ವಾರಗಟ್ಟಲೆ ನಿಲ್ಲುತ್ತದೆ, ಸದಾ ಬೆಚ್ಚಗಿರುತ್ತದೆ, ಹಲವರ ಮೈ ತೊಳೆಯುತ್ತದೆ.

ಮಲೆನಾಡಿನ ಬಚ್ಚಲುಮನೆಯ ಹಂಡೆಯನ್ನು ನೆನಪಿಸಿಕೊಂಡರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಹಂಡೆಯ ನೀರನ್ನು ತೋಡಿ ಮೈಮೇಲೆ ಸುರಿದುಕೊಂಡರೆ ಅದು ಮತ್ತೆ ಹಂಡೆಗೆ ಮರಳುವುದಿಲ್ಲ. ಆದರೂ ದೀಪಾವಳಿಯ ನೀರು ತುಂಬುವ ಹಬ್ಬದಂದು ಆ ಹಂಡೆಯನ್ನು ತಿಕ್ಕಿ ತೊಳೆದು, ಹೊಸ ನೀರು ತುಂಬುವ ಶಿಸ್ತನ್ನು ಹಿರಿಯರು ಇಟ್ಟುಕೊಂಡಿದ್ದರು. ಮಿಂದ ನೀರೇ ಮತ್ತೆ ಮತ್ತೆ ಸುತ್ತುವ ತೊಟ್ಟಿಗೆ ಎಷ್ಟು ಶಿಸ್ತು ಬೇಕು ಎಂಬುದನ್ನು ಇದರಿಂದ ಊಹಿಸಬಹುದು.

ಸೋಸುವುದು ಬೇರೆ, ಶುದ್ಧಿ ಬೇರೆ

ಹಾಟ್ ಟಬ್‌ನ ಸೋಸುಕ ಸಾಮಾನ್ಯವಾಗಿ ನೆರಿಗೆ ಹಾಕಿದ ಪಾಲಿಯೆಸ್ಟರ್ ಬಟ್ಟೆಯ ಉರುಳೆ. ಇದನ್ನು ಕಾರ್ಟ್ರಿಡ್ಜ್ ಎನ್ನುತ್ತಾರೆ. ಕೂದಲು, ಚರ್ಮದ ಹೊಟ್ಟು, ಎಣ್ಣೆಯ ಜಿಡ್ಡು, ಗಾಳಿಗೆ ಬಿದ್ದ ಧೂಳನ್ನು ಅದು ಹಿಡಿಯುತ್ತದೆ. ಆದರೆ ಮಾಮೂಲಿ ಕಾರ್ಟ್ರಿಡ್ಜ್ ತಡೆಯಬಲ್ಲ ಕಣದ ಗಾತ್ರ ಹತ್ತಿಪ್ಪತ್ತು ಮೈಕ್ರಾನ್. ಬ್ಯಾಕ್ಟೀರಿಯಾ ಒಂದೆರಡು ಮೈಕ್ರಾನ್‌ನಷ್ಟು ಮಾತ್ರ. ನೀರಿನಲ್ಲಿ ಕರಗಿರುವ ಸುಣ್ಣದ ಅಂಶವಂತೂ ಯಾವ ಬಟ್ಟೆಗೂ ಸಿಗುವುದಿಲ್ಲ. ಆದ್ದರಿಂದ ಸೋಸುಕ ಚೆನ್ನಾಗಿದ್ದರೆ ನೀರು ತಿಳಿಯಾಗಿ ಕಾಣುತ್ತದೆ, ಅಷ್ಟೆ. ತಿಳಿಯಾದ ನೀರೆಲ್ಲ ಶುದ್ಧವಲ್ಲ.

ಹಾಗೆಂದು ಸೋಸುಕವನ್ನು ಕಡೆಗಣಿಸುವಂತಿಲ್ಲ. ಕಸ ಹೆಚ್ಚಿದಷ್ಟೂ ಕ್ಲೋರಿನ್ ಆ ಕಸದ ಮೇಲೆಯೇ ವ್ಯಯವಾಗುತ್ತದೆ, ರೋಗಾಣುವಿನ ಪಾಲಿಗೆ ಏನೂ ಉಳಿಯುವುದಿಲ್ಲ. ಎರಡು ತೊಟ್ಟಿಗಳನ್ನು ಹೋಲಿಸುವಾಗ ಜೆಟ್‌ಗಳನ್ನು ಎಣಿಸುವ ಬದಲು ದಿನಕ್ಕೆ ಎಷ್ಟು ಬಾರಿ ಇಡೀ ನೀರು ಸೋಸುಕದ ಮೂಲಕ ಹಾಯುತ್ತದೆ ಎಂದು ಲೆಕ್ಕ ಹಾಕುವುದು ಲೇಸು. ಉದಾಹರಣೆಗೆ 1,200 ಲೀಟರ್ ಹಿಡಿಸುವ ತೊಟ್ಟಿಯಲ್ಲಿ ನಿಮಿಷಕ್ಕೆ 40 ಲೀಟರ್ ಹರಿಸುವ ಚಿಕ್ಕ ಪಂಪೊಂದು ದಿನವಿಡೀ ನಡೆದರೆ ನೀರು 48 ಬಾರಿ ಸೋಸಲ್ಪಡುತ್ತದೆ. ಅದೇ ತೊಟ್ಟಿಯಲ್ಲಿ ನಿಮಿಷಕ್ಕೆ 100 ಲೀಟರ್ ಹರಿಸುವ ದೊಡ್ಡ ಪಂಪು ದಿನಕ್ಕೆ ನಾಲ್ಕು ಗಂಟೆ ಮಾತ್ರ ನಡೆದರೆ 20 ಬಾರಿ. ‘ಹೆಚ್ಚು ಶಕ್ತಿಯ ಪಂಪು’ ಎಂಬ ಮಾತಿಗೆ ಮರುಳಾದವರು ಈ ಎರಡನೆಯದನ್ನೇ ಕೊಂಡು ತರುವ ಸಂಭವ ಹೆಚ್ಚು. ಇಷ್ಟಕ್ಕೂ ಕೈಪಿಡಿಯಲ್ಲಿ ಮುದ್ರಿಸಿದ ಹರಿವು, ಸೋಸುಕದ ಅಡ್ಡಿಯಿಲ್ಲದೆ ಅಳೆದದ್ದೋ ಅಥವಾ ಸೋಸುಕ ಹಾಕಿ ಅಳೆದದ್ದೋ ಎಂಬುದನ್ನು ಕೇಳಿ ತಿಳಿಯಬೇಕು.

ಆಮದು ತೊಟ್ಟಿಗಳ ವಿಚಾರದಲ್ಲಿ ಇನ್ನೊಂದು ತೊಡಕಿದೆ. ಅಮೆರಿಕದ ವಿದ್ಯುತ್ 60 ಹರ್ಟ್ಸ್, ಭಾರತದ್ದು 50 ಹರ್ಟ್ಸ್. ಅಲ್ಲಿನ ಮಾರುಕಟ್ಟೆಗೆಂದು ಮಾಡಿದ ಮೋಟಾರನ್ನು ಇಲ್ಲಿ ಹಾಗೆಯೇ ಜೋಡಿಸಿದರೆ ಅದು ಆರರಲ್ಲಿ ಐದು ಪಾಲು ವೇಗದಲ್ಲಿ ಮಾತ್ರ ತಿರುಗುತ್ತದೆ. ನಿಮಿಷಕ್ಕೆ 100 ಲೀಟರ್ ಎಂದದ್ದು 83ರ ಆಸುಪಾಸಿಗೆ ಇಳಿಯುತ್ತದೆ. ಮೋಟಾರು ಬಿಸಿಯಾಗುವ ಅಪಾಯ ಬೇರೆ. ಆದ್ದರಿಂದ ಪಂಪಿನ ಮೈಮೇಲೆ ಅಂಟಿಸಿರುವ ಫಲಕವನ್ನು ಓದುವುದು ಮಳಿಗೆಯವರ ಮಾತು ಕೇಳುವುದಕ್ಕಿಂತ ಉಪಯುಕ್ತ.

ಓಝೋನ್ ಮತ್ತು ನೇರಳಾತೀತ ಕಿರಣಗಳ ಉಪಕರಣಗಳನ್ನು ಮುಂದಿಟ್ಟು ‘ರಾಸಾಯನಿಕವೇ ಬೇಡ’ ಎಂದು ಪ್ರಚಾರ ಮಾಡುವವರಿದ್ದಾರೆ. ಇವೆರಡೂ ಪರಿಣಾಮಕಾರಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ನೇರಳಾತೀತ ಕಿರಣ ಕೆಲಸ ಮಾಡುವುದು ನೀರು ದೀಪದ ಮುಂದೆ ಹಾಯುವ ಕ್ಷಣದಲ್ಲಿ ಮಾತ್ರ. ಓಝೋನ್ ಕೂಡ ಬಹುಬೇಗ ವಿಘಟನೆಗೊಳ್ಳುತ್ತದೆ. ತೊಟ್ಟಿಯಲ್ಲಿ ಕುಳಿತ ವ್ಯಕ್ತಿಯ ಸುತ್ತ ಉಳಿದು ಕಾಯುವ ಶಕ್ತಿ ಇರುವುದು ಕ್ಲೋರಿನ್ ಅಥವಾ ಬ್ರೋಮಿನ್‌ಗೆ. ಉಪಕರಣಗಳು ಈ ರಾಸಾಯನಿಕಗಳ ಖರ್ಚನ್ನು ತಗ್ಗಿಸಬಲ್ಲವು, ಅವುಗಳ ಜಾಗದಲ್ಲಿ ನಿಲ್ಲಲಾರವು. ಉಪ್ಪು ಹಾಕಿ ನಡೆಸುವ ತೊಟ್ಟಿ ಎಂಬುದೂ ಒಳಗೆ ಕ್ಲೋರಿನ್ ಅಥವಾ ಬ್ರೋಮಿನ್ ಉತ್ಪಾದಿಸುವ ತೊಟ್ಟಿಯೇ. ಗಡಸು ನೀರಿನಲ್ಲಿ ಅದರ ವಿದ್ಯುತ್ ತಗಡುಗಳ ಮೇಲೆ ಸುಣ್ಣ ಕಟ್ಟಿಕೊಳ್ಳುತ್ತದೆ.

ನೋಡಲು ಹೋದವರೂ ಸತ್ತರು

ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹಾಟ್ ಟಬ್‌ಗಳಲ್ಲಿ ಪ್ರತಿ ಲೀಟರ್‌ಗೆ ಕನಿಷ್ಠ 3 ಮಿಲಿಗ್ರಾಂ ಕ್ಲೋರಿನ್ ಅಥವಾ 4ರಿಂದ 8 ಮಿಲಿಗ್ರಾಂ ಬ್ರೋಮಿನ್, 7.0ರಿಂದ 7.8ರೊಳಗಿನ ಪಿಎಚ್ ಮತ್ತು 40 ಡಿಗ್ರಿ ಸೆಲ್ಸಿಯಸ್ ಮೀರದ ಬಿಸಿಯನ್ನು ಶಿಫಾರಸು ಮಾಡುತ್ತದೆ. ಈಜುಕೊಳಕ್ಕೆ ಹೇಳಿರುವ ಕನಿಷ್ಠ ಕ್ಲೋರಿನ್ 1 ಮಿಲಿಗ್ರಾಂ ಮಾತ್ರ. ಬಿಸಿ ನೀರಿನಲ್ಲಿ ಕ್ಲೋರಿನ್ ಬೇಗ ಕರಗಿಹೋಗುವುದು ಮತ್ತು ಆ ಬಿಸಿಯೇ ಕೆಲವು ಬ್ಯಾಕ್ಟೀರಿಯಾಗಳಿಗೆ ಹಿತವಾಗಿರುವುದು ಈ ವ್ಯತ್ಯಾಸಕ್ಕೆ ಕಾರಣ.

ಆ ಪೈಕಿ ಅಪಾಯಕಾರಿಯಾದದ್ದು ಲೀಜನೆಲ್ಲಾ. 1976ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಮಾಜಿ ಸೈನಿಕರ ಸಮಾವೇಶದಲ್ಲಿ ಹಬ್ಬಿದ ನ್ಯುಮೋನಿಯಾದಿಂದ ಬೆಳಕಿಗೆ ಬಂದ ಈ ಬ್ಯಾಕ್ಟೀರಿಯಾ ಬೆಚ್ಚನೆಯ ನೀರಿನಲ್ಲಿ ವೃದ್ಧಿಯಾಗಿ, ಸೂಕ್ಷ್ಮ ತುಂತುರಿನ ಮೂಲಕ ಶ್ವಾಸಕೋಶ ಸೇರುತ್ತದೆ. ಜೆಟ್‌ಗಳು ಮಾಡುವ ಕೆಲಸವೇ ತುಂತುರು ಎಬ್ಬಿಸುವುದು. 1999ರಲ್ಲಿ ನೆದರ್ಲೆಂಡ್ಸ್‌ನ ಬೋವೆನ್‌ಕಾರ್ಸ್ಪೆಲ್ ಎಂಬಲ್ಲಿ ನಡೆದ ಪುಷ್ಪ ಪ್ರದರ್ಶನಕ್ಕೆ ಬಂದವರ ಪೈಕಿ 180ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, 20ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಮೂಲ ಹುಡುಕುತ್ತಾ ಹೋದ ತನಿಖೆ ತಲುಪಿದ್ದು ಅಲ್ಲಿ ಮಾರಾಟಕ್ಕೆಂದು ಪ್ರದರ್ಶಿಸಿದ್ದ ಬಿಸಿನೀರಿನ ತೊಟ್ಟಿಗೆ. ಇಪ್ಪತ್ತು ವರ್ಷಗಳ ನಂತರ, 2019ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾದ ಜಾತ್ರೆಯೊಂದರಲ್ಲಿ ಅದೇ ಪುನರಾವರ್ತನೆಯಾಯಿತು. 130ಕ್ಕೂ ಹೆಚ್ಚು ಮಂದಿಗೆ ಸೋಂಕು ತಗಲಿತು, ನಾಲ್ವರು ಸತ್ತರು. ಅಲ್ಲಿಯೂ ಬೆರಳು ತೋರಿದ್ದು ಪ್ರದರ್ಶನದ ಹಾಟ್ ಟಬ್‌ಗಳತ್ತ. ಗಮನಾರ್ಹ ಸಂಗತಿಯೆಂದರೆ ಎರಡೂ ಕಡೆ ಸೋಂಕಿತರು ತೊಟ್ಟಿಗೆ ಇಳಿದವರಲ್ಲ, ಪಕ್ಕದಲ್ಲಿ ಹಾದುಹೋದವರು.

ತೊಟ್ಟಿ ಮಾರುವವರೇ ತಮ್ಮ ತೊಟ್ಟಿಯ ನೀರನ್ನು ಕಾಯ್ದುಕೊಳ್ಳಲಾಗದ ಮೇಲೆ, ವಾರಾಂತ್ಯದ ಅತಿಥಿಗಳಿಗೆಂದು ತಾರಸಿಯ ಮೇಲೆ ತೊಟ್ಟಿ ಇಟ್ಟ ಹೋಮ್‌ಸ್ಟೇ ಮಾಲೀಕರು ಎಷ್ಟು ಎಚ್ಚರ ವಹಿಸಬೇಕು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮಳಿಗೆಯಲ್ಲಿ ನೀರು ತುಂಬಿ ಜೆಟ್ ಹಾಕಿ ತೋರಿಸುವಾಗ, ಹತ್ತಿರ ಬಾಗುವ ಮುನ್ನ, ‘ಇದರ ಕ್ಲೋರಿನ್ ಎಷ್ಟಿದೆ?’ ಎಂದು ಕೇಳುವುದು ಗ್ರಾಹಕನ ಹಕ್ಕು. ಪರೀಕ್ಷಾ ಪಟ್ಟಿಯೊಂದನ್ನು ಅದ್ದಿ ತೋರಿಸಲು ಒಂದು ನಿಮಿಷ ಸಾಕು. ತಡವರಿಸುವ ಮಾರಾಟಗಾರ ನಾಳೆ ಎಂಥ ಸೇವೆ ನೀಡಿಯಾನು ಎಂಬುದೂ ಅಲ್ಲಿಯೇ ತಿಳಿಯುತ್ತದೆ.

ಊರಿಗೊಂದು ನೀರು

ಗೀಸರ್ ರಿಪೇರಿಗೆ ಕೊಟ್ಟವರಿಗೆಲ್ಲ ಅದರ ಕಾಯಿಲ್ ಮೇಲೆ ಕಟ್ಟಿಕೊಳ್ಳುವ ಬಿಳಿ ಪದರದ ಪರಿಚಯವಿದೆ. ಹಾಟ್ ಟಬ್‌ನ ಹೀಟರಿಗೂ ಬರುವ ರೋಗ ಅದೇ. ನೀರು ಬಿಸಿಯಾದಂತೆ ಅದರಲ್ಲಿನ ಕ್ಯಾಲ್ಸಿಯಂ, ಸುಣ್ಣದ ಪದರವಾಗಿ ಹೀಟರ್, ಕೊಳವೆ, ಜೆಟ್‌ಗಳ ಮೇಲೆ ಕೂರುತ್ತದೆ. ಭಾರತೀಯ ಮಾನಕ ಬ್ಯೂರೊ ಕುಡಿಯುವ ನೀರಿನ ಗಡಸುತನಕ್ಕೆ ಲೀಟರ್‌ಗೆ 200 ಮಿಲಿಗ್ರಾಂ ಸ್ವೀಕಾರಾರ್ಹವೆಂದೂ, ಬೇರೆ ಮೂಲ ಇಲ್ಲದಿದ್ದಾಗ 600ರವರೆಗೆ ಸಹ್ಯವೆಂದೂ ಹೇಳಿದೆ. ಹಾಟ್ ಟಬ್ ತಯಾರಕರು ಸಾಮಾನ್ಯವಾಗಿ ಬಯಸುವ ಕ್ಯಾಲ್ಸಿಯಂ ಗಡಸುತನ 150ರಿಂದ 250ರ ಆಸುಪಾಸು. ಅಂದರೆ ಕುಡಿಯಲು ಅಡ್ಡಿಯಿಲ್ಲದ ನೀರು ಕೂಡ ತೊಟ್ಟಿಗೆ ಒಗ್ಗದಿರಬಹುದು.

ಇದರ ಜೊತೆಗೆ ಪಿಎಚ್‌ನ ಕಾಟ. ನಮ್ಮ ಕೊಳವೆಬಾವಿ ನೀರಿನಲ್ಲಿ ಬೈಕಾರ್ಬೊನೇಟ್ ಅಂಶ ಸಾಮಾನ್ಯವಾಗಿ ಅಧಿಕ. ಜೆಟ್‌ಗಳು ಗಾಳಿ ಬೆರೆಸಿ ನೀರನ್ನು ಕಲಕಿದಾಗ ಇಂಗಾಲದ ಡೈಆಕ್ಸೈಡ್ ಹೊರಬಿದ್ದು ಪಿಎಚ್ ಏರುತ್ತಾ ಹೋಗುತ್ತದೆ. ಪಿಎಚ್ 7.5ರ ಸುಮಾರಿನಲ್ಲಿ ಕ್ಲೋರಿನ್‌ನ ಅರ್ಧದಷ್ಟು ಭಾಗ ರೋಗಾಣು ಕೊಲ್ಲುವ ಪ್ರಬಲ ರೂಪದಲ್ಲಿದ್ದರೆ, 8 ತಲುಪುವಷ್ಟರಲ್ಲಿ ಅದು ಕಾಲು ಭಾಗಕ್ಕಿಂತಲೂ ಕೆಳಗಿಳಿಯುತ್ತದೆ. ಒಂದೇ ಏರಿಕೆಯಿಂದ ಎರಡು ನಷ್ಟ. ಸುಣ್ಣ ಬೇಗ ಕಟ್ಟುತ್ತದೆ, ಹಾಕಿದ ಕ್ಲೋರಿನ್ ಕೆಲಸಕ್ಕೆ ಬಾರದಂತಾಗುತ್ತದೆ. ಮೊದಲನೆಯದು ವಾರಂಟಿಯನ್ನು ಕಳೆಯುತ್ತದೆ, ಎರಡನೆಯದು ಆರೋಗ್ಯವನ್ನು.

ರಾಜ್ಯದ ನೀರು ಒಂದೇ ತೆರನಾಗಿಲ್ಲ ಎಂಬುದು ಗಮನಿಸಬೇಕಾದ ಅಂಶ. ಕಾವೇರಿ ನೀರು ಬರುವ ಬೆಂಗಳೂರಿನ ಬಡಾವಣೆಗಳಲ್ಲಿ ಗಡಸುತನ ದೊಡ್ಡ ಸಮಸ್ಯೆಯಲ್ಲ. ಕೊಳವೆಬಾವಿ ಮತ್ತು ಟ್ಯಾಂಕರ್ ನೆಚ್ಚಿದ ಹೊರವಲಯದಲ್ಲಿ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ತೋಟದ ಮನೆಗಳಲ್ಲಿ ಅದೇ ದೊಡ್ಡ ಸಮಸ್ಯೆ. ಟ್ಯಾಂಕರ್ ನೀರು ಈ ವಾರ ಬಂದಂತೆ ಮುಂದಿನ ವಾರ ಬರುವುದಿಲ್ಲ, ಯಾವ ಬಾವಿಯದೆಂಬುದೂ ತಿಳಿಯದು. ಮಲೆನಾಡಿನ ಝರಿಯ ನೀರು ಇದಕ್ಕೆ ತದ್ವಿರುದ್ಧ. ಅದು ಬಲು ಮೃದು, ಖನಿಜಾಂಶ ಕಡಿಮೆ. ಅಂಥ ನೀರಿನಲ್ಲಿ ಪಿಎಚ್ ಒಂದೆಡೆ ನಿಲ್ಲದೆ ಏರಿಳಿಯುತ್ತದೆ, ನೊರೆ ಬರುತ್ತದೆ, ಹೀಟರಿನ ಲೋಹವನ್ನು ನೀರು ಕೊರೆಯುತ್ತದೆ. ಕರಾವಳಿಯ ಜಂಬಿಟ್ಟಿಗೆ ನೆಲದ ಕೆಲವು ಬಾವಿಗಳಲ್ಲಿ ಕಬ್ಬಿಣದ ಅಂಶವಿದ್ದು, ಕ್ಲೋರಿನ್ ಬಿದ್ದೊಡನೆ ನೀರು ಕಂದಾಗಿ ತೊಟ್ಟಿಯ ಮೈಗೆ ಕಲೆ ಹಿಡಿಯುತ್ತದೆ. ಹೀಗಾಗಿ ಚಿಕ್ಕಮಗಳೂರಿನ ಗೆಳೆಯರ ತೊಟ್ಟಿ ಚೆನ್ನಾಗಿದೆಯೆಂಬ ಕಾರಣಕ್ಕೆ ದೇವನಹಳ್ಳಿಯಲ್ಲಿ ಅದನ್ನೇ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಮೃದುಕಾರಕ ಯಂತ್ರ ಹಾಕಿದರೆ ಪರಿಹಾರವಾಯಿತೆಂದು ಭಾವಿಸುವವರಿದ್ದಾರೆ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ತುಂಬುತ್ತದೆ, ಕ್ಷಾರೀಯತೆಯನ್ನು ಮುಟ್ಟುವುದಿಲ್ಲ. ಆರ್‌ಒ ನೀರನ್ನೇ ಪೂರ್ತಿ ತುಂಬಿದರೆ ಝರಿಯ ನೀರಿನದೇ ತೊಂದರೆ ಕಾಣಿಸಿಕೊಳ್ಳುತ್ತದೆ. ಮೃದು ನೀರು ಮತ್ತು ಗಡಸು ನೀರನ್ನು ಬೆರೆಸಿ, ಪರೀಕ್ಷಿಸಿ, ಬೇಕಾದ ಮಟ್ಟಕ್ಕೆ ತರುವುದೇ ಕಾರ್ಯಸಾಧ್ಯ ಮಾರ್ಗ. ಖರೀದಿಗೆ ಮುನ್ನವೇ ಮನೆಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಆ ವರದಿಯನ್ನು ಮಾರಾಟಗಾರನ ಮುಂದಿಟ್ಟು ‘ಈ ನೀರಿಗೆ ನಿಮ್ಮ ವಾರಂಟಿ ನಿಲ್ಲುತ್ತದೆಯೇ?’ ಎಂದು ಲಿಖಿತವಾಗಿ ಕೇಳುವ ಗ್ರಾಹಕರು ವಿರಳ. ಬೆಲೆಯ ಚೌಕಾಸಿಗಿಂತ ಈ ಒಂದು ಪತ್ರದ ಬೆಲೆ ಹೆಚ್ಚು.

ಎಷ್ಟೇ ಮದ್ದು ಹಾಕಿದರೂ ನೀರನ್ನು ಆಗಾಗ ಬದಲಿಸಲೇಬೇಕು. ಉದ್ಯಮದಲ್ಲಿ ರೂಢಿಯಲ್ಲಿರುವ ಸರಳ ಲೆಕ್ಕವೊಂದಿದೆ. ತೊಟ್ಟಿಯ ಲೀಟರುಗಳನ್ನು ದಿನವೊಂದಕ್ಕೆ ಇಳಿಯುವವರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ 11ರಿಂದ ಭಾಗಿಸಿದರೆ ಎಷ್ಟು ದಿನಕ್ಕೊಮ್ಮೆ ನೀರು ಬದಲಿಸಬೇಕೆಂಬುದು ದೊರೆಯುತ್ತದೆ. 1,200 ಲೀಟರ್ ತೊಟ್ಟಿಯನ್ನು ಮನೆಯ ಇಬ್ಬರು ನಿತ್ಯ ಬಳಸಿದರೆ ಸುಮಾರು 54 ದಿನ. ಹೋಮ್‌ಸ್ಟೇಯಲ್ಲಿ ದಿನಕ್ಕೆ ಆರು ಮಂದಿ ಇಳಿದರೆ 18 ದಿನ. ಅಂದರೆ ವರ್ಷಕ್ಕೆ 20 ಬಾರಿ, ಒಟ್ಟು 24 ಸಾವಿರ ಲೀಟರ್.

2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಬೆಂಗಳೂರು ತತ್ತರಿಸಿದಾಗ ಜಲಮಂಡಳಿಯು ವಾಹನ ತೊಳೆಯಲು, ಕೈತೋಟಕ್ಕೆ, ಕಾರಂಜಿಗಳಿಗೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ 5 ಸಾವಿರ ರೂಪಾಯಿ ದಂಡ ವಿಧಿಸಿತ್ತು. ಈಜುಕೊಳಗಳಿಗೂ ಆ ನಿರ್ಬಂಧ ವಿಸ್ತರಿಸಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಗೊಂಡು ಹೊರವಲಯದ 110 ಹಳ್ಳಿಗಳಿಗೆ ನೀರು ಹರಿಸುವ ದಾರಿಯಾಯಿತಾದರೂ, ಬೇಸಿಗೆಯ ಅನಿಶ್ಚಿತತೆ ದೂರವಾಯಿತೆನ್ನಲಾಗದು. ನೀರು ಬದಲಿಸಬೇಕಾದ ದಿನವೇ ನಿರ್ಬಂಧ ಜಾರಿಯಲ್ಲಿದ್ದರೆ ಹಳೆಯ ನೀರಿಗೇ ಇನ್ನಷ್ಟು ಮದ್ದು ಸುರಿಯುವುದಷ್ಟೇ ಉಳಿಯುತ್ತದೆ. ಚೆಲ್ಲುವುದಕ್ಕೂ ಒಂದು ಕ್ರಮವಿದೆ. ಅಪಾರ್ಟ್‌ಮೆಂಟಿನ ಕೊಳಚೆ ನೀರು ಶುದ್ಧೀಕರಣ ಘಟಕ ಕೆಲಸ ಮಾಡುವುದು ಬ್ಯಾಕ್ಟೀರಿಯಾಗಳಿಂದ. ಕ್ಲೋರಿನ್ ತುಂಬಿದ ಸಾವಿರ ಲೀಟರನ್ನು ಒಮ್ಮೆಲೇ ಅದಕ್ಕೆ ಬಿಟ್ಟರೆ ಅವುಗಳಿಗೂ ಕುತ್ತು. ಮುಚ್ಚಳ ತೆಗೆದು ಒಂದೆರಡು ದಿನ ಬಿಸಿಲಿಗೆ ಬಿಟ್ಟು, ಕ್ಲೋರಿನ್ ಇಳಿದದ್ದನ್ನು ಪಟ್ಟಿಯಿಂದ ಖಚಿತಪಡಿಸಿಕೊಂಡು ಬಿಡಬೇಕು.

ಹತ್ತು ವರ್ಷ ಯಾವುದಕ್ಕೆ?

ಹಾಟ್ ಟಬ್‌ಗೆ ಒಂದು ವಾರಂಟಿ ಎಂಬುದಿಲ್ಲ, ನಾಲ್ಕೈದು ವಾರಂಟಿಗಳಿರುತ್ತವೆ. ಜಾಹೀರಾತಿನಲ್ಲಿ ದಪ್ಪಕ್ಷರಗಳಲ್ಲಿ ಕಾಣುವ ದೊಡ್ಡ ಸಂಖ್ಯೆ ಬಹುತೇಕ ತೊಟ್ಟಿಯ ಚಿಪ್ಪಿನದು, ಅಂದರೆ ಅದು ಸೀಳಿ ನೀರು ಸೋರದೆಂಬ ಭರವಸೆ. ಚಿಪ್ಪಿನ ಮೇಲ್ಮೈಗೆ ಗುಳ್ಳೆ ಬಂದರೆ ಬೇರೆ ಅವಧಿ. ಪಂಪು, ಹೀಟರು, ನಿಯಂತ್ರಣ ಫಲಕಕ್ಕೆ ಇನ್ನೂ ಕಡಿಮೆ. ಮುಚ್ಚಳಕ್ಕೆ ಒಂದು ವರ್ಷವಿದ್ದರೆ ಹೆಚ್ಚು. ಸೋಸುಕದ ಕಾರ್ಟ್ರಿಡ್ಜ್ ಸವೆಯುವ ವಸ್ತುವೆಂದು ಪೂರ್ತಿ ಹೊರಗೆ. ತೊಂದರೆ ಬರುವುದು ಮಾತ್ರ ಇದರ ತಲೆಕೆಳಗಾದ ಕ್ರಮದಲ್ಲಿ. ಚಿಪ್ಪು ಸೀಳುವುದು ಅಪರೂಪ. ಹೀಟರು, ಪಂಪಿನ ಸೀಲು, ಫಲಕ ಕೆಡುವುದೇ ಮಾಮೂಲು.

ಆದ್ದರಿಂದ ಹತ್ತು ವರ್ಷದ ಚಿಪ್ಪು, ಒಂದು ವರ್ಷದ ಹೀಟರು ಎನ್ನುವ ತೊಟ್ಟಿಗಿಂತ ಐದು ವರ್ಷದ ಚಿಪ್ಪು, ಮೂರು ವರ್ಷದ ಹೀಟರು ಎನ್ನುವ ತೊಟ್ಟಿ ಉತ್ತಮ. ಕೂಲಿಯ ಪ್ರಶ್ನೆ ಇನ್ನೂ ಸೂಕ್ಷ್ಮ. ಬಿಡಿಭಾಗ ಉಚಿತ, ಆದರೆ ಬಿಚ್ಚಿ ಜೋಡಿಸುವ ಕೂಲಿ, ತಂತ್ರಜ್ಞ ಬಂದು ಹೋಗುವ ವೆಚ್ಚ, ಮೂರನೇ ಮಹಡಿಯ ತಾರಸಿಯಿಂದ ತೊಟ್ಟಿಯನ್ನು ಇಳಿಸಬೇಕಾದರೆ ಕ್ರೇನ್ ಬಾಡಿಗೆ ಗ್ರಾಹಕನದು ಎಂದು ಬರೆದಿರುವುದುಂಟು. ‘ಅನುಪಾತದ ಪರಿಹಾರ’ ಎಂಬ ಮಾತಿದ್ದರೆ ವರ್ಷ ಕಳೆದಂತೆ ಭರವಸೆಯೂ ಕರಗುತ್ತದೆ. ಐದು ವರ್ಷದ ವಾರಂಟಿಯಲ್ಲಿ ನಾಲ್ಕು ವರ್ಷ ತುಂಬಿದ ಮೇಲೆ ಬಿರುಕು ಕಂಡರೆ ಕಂಪನಿ ಭರಿಸುವುದು ಐದನೇ ಒಂದು ಪಾಲು. ‘ಜೀವಮಾನ’ ಎಂದರೆ ಯಾರ ಜೀವಮಾನ, ಕೊಂಡವರದೋ ಆ ಮಾದರಿಯ ತಯಾರಿಕೆಯದೋ ಎಂದು ಕೇಳುವುದು ಕುಹಕವೆನಿಸಬಹುದು, ಆದರೆ ಕೇಳಬೇಕಾದ ಪ್ರಶ್ನೆಯೇ.

ಇನ್ನು ಹೊರಗಿಟ್ಟ ಸಂಗತಿಗಳು. ನೀರಿನ ಅಸಮತೋಲನದ ಜೊತೆಗೆ ವೋಲ್ಟೇಜ್ ಏರುಪೇರು, ಪರವಾನಗಿಯಿಲ್ಲದ ಎಲೆಕ್ಟ್ರಿಷಿಯನ್ ಮಾಡಿದ ಜೋಡಣೆ, ವಾಣಿಜ್ಯ ಬಳಕೆ, ಖಾಲಿ ತೊಟ್ಟಿಯನ್ನು ಬಿಸಿಲಿಗೆ ಬಿಟ್ಟದ್ದು ಇವೆಲ್ಲ ಸಾಮಾನ್ಯವಾಗಿ ಪಟ್ಟಿಯಲ್ಲಿರುತ್ತವೆ. ಈಜುಕೊಳಕ್ಕೆ ಬಳಸುವ ಟ್ರೈಕ್ಲೋರ್ ಬಿಲ್ಲೆಗಳನ್ನು ಅನೇಕ ತಯಾರಕರು ನಿಷೇಧಿಸುತ್ತಾರೆ. ನಿಧಾನವಾಗಿ ಕರಗುವ ಈ ಬಿಲ್ಲೆ ಬಹಳ ಆಮ್ಲೀಯ, ಬಿದ್ದಲ್ಲಿಯೇ ಅಕ್ರಿಲಿಕ್ ಮೇಲ್ಮೈಯನ್ನು ಕೆಡಿಸುತ್ತದೆ. ಈಜುಕೊಳದ ಸಾಮಗ್ರಿ ಮಾರುವ ಅಂಗಡಿಗೆ ಹೋಗಿ ‘ಕ್ಲೋರಿನ್ ಕೊಡಿ’ ಎಂದರೆ ಕೈಗೆ ಬರುವುದು ಇದೇ ಆಗಿರಬಹುದು. ಕಲಬುರಗಿ, ಬಳ್ಳಾರಿಯಂಥ ಊರುಗಳಲ್ಲಿ ಬೇಸಿಗೆಯ ಇನ್ನೊಂದು ಸಮಸ್ಯೆಯಿದೆ. ಚಳಿ ದೇಶಕ್ಕೆಂದು ದಪ್ಪನೆಯ ಶಾಖ ನಿರೋಧಕ ತುಂಬಿದ ತೊಟ್ಟಿಯಲ್ಲಿ ಹೀಟರ್ ಆರಿಸಿದರೂ ಪಂಪಿನ ಶಾಖದಿಂದಲೇ ನೀರು 40 ಡಿಗ್ರಿ ಮೀರಬಹುದು. ಆಗ ಸುರಕ್ಷತಾ ವ್ಯವಸ್ಥೆ ಪಂಪನ್ನು ನಿಲ್ಲಿಸುತ್ತದೆ, ಸೋಸುವುದೂ ನಿಲ್ಲುತ್ತದೆ.

ಅಮೆರಿಕದಲ್ಲಿ 1975ರಿಂದ ಜಾರಿಯಲ್ಲಿರುವ ವಾರಂಟಿ ಕಾಯ್ದೆಯ ಪ್ರಕಾರ, ತಮ್ಮದೇ ಬ್ರ್ಯಾಂಡಿನ ಸೋಸುಕ ಹಾಕಿದರೆ ಮಾತ್ರ ವಾರಂಟಿ ಎಂದು ಕಂಪನಿಗಳು ಷರತ್ತು ಹಾಕುವಂತಿಲ್ಲ, ಹಾಕಿದರೆ ಆ ಸೋಸುಕವನ್ನು ಉಚಿತವಾಗಿ ಕೊಡಬೇಕು. ಆ ಮಾರುಕಟ್ಟೆಯ ಕೈಪಿಡಿಯನ್ನು ಅಂತರ್ಜಾಲದಲ್ಲಿ ಓದಿ ಇಲ್ಲಿಯೂ ಅದೇ ರಕ್ಷಣೆಯಿದೆಯೆಂದು ನಂಬುವುದು ತಪ್ಪಾಗುತ್ತದೆ. ಎಷ್ಟೋ ವಾರಂಟಿಗಳು ಮಾರಾಟವಾದ ದೇಶಕ್ಕಷ್ಟೇ ಸೀಮಿತ. ವಿದೇಶಿ ಕಂಪನಿಯ ಹೆಸರಿದ್ದರೂ ಇಲ್ಲಿ ಮಾತಿಗೆ ಬಾಧ್ಯನಾದವನು ಆಮದುದಾರ. ವಾರಂಟಿ ಪತ್ರದಲ್ಲಿ ಭಾರತದ ವಿಳಾಸ ಮತ್ತು ಸಹಿ ಇದೆಯೇ ಎಂಬುದು ವರ್ಷಗಳ ಸಂಖ್ಯೆಗಿಂತ ಮುಖ್ಯ.

ಕಾನೂನು ಎಲ್ಲಿಯವರೆಗೆ?

2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕನಿಗೆ ಕೆಲವು ಬಲವಾದ ಆಸರೆಗಳನ್ನು ನೀಡಿದೆ. ತಾನು ವಾಸಿಸುವ ಅಥವಾ ಕೆಲಸ ಮಾಡುವ ಊರಿನ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, 50 ಲಕ್ಷದವರೆಗಿನ ವ್ಯವಹಾರ ಜಿಲ್ಲಾ ಆಯೋಗದ ವ್ಯಾಪ್ತಿಯಲ್ಲಿದೆ. ದೂರಿಗೆ ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷದ ಕಾಲಮಿತಿ. ತಯಾರಕನು ಭಾರತದ ಕಾನೂನಿನ ಕೈಗೆ ಸಿಗದವನಾದರೆ ಉತ್ಪನ್ನದಿಂದಾದ ಹಾನಿಗೆ ಮಾರಾಟಗಾರನನ್ನೇ ಹೊಣೆ ಮಾಡಲು ಅವಕಾಶವಿದೆ. ಮಾರಾಟಗಾರ ಎಂಬ ಪದದೊಳಗೆ ಆಮದುದಾರನೂ ಸೇರುತ್ತಾನೆ.

ಆದರೆ ಈ ‘ಹಾನಿ’ ಎಂಬುದಕ್ಕೆ ಕಾಯ್ದೆ ಗೆರೆ ಎಳೆದಿದೆ. ತೊಟ್ಟಿಯ ನೀರಿನಿಂದ ಸೋಂಕು ತಗಲಿದರೆ, ವಿದ್ಯುತ್ ಆಘಾತವಾದರೆ ಅದು ಹಾನಿ. ತೊಟ್ಟಿಯೇ ಕೆಟ್ಟರೆ ಅಲ್ಲ. ಅದಕ್ಕೆ ದೋಷಯುಕ್ತ ಸರಕು ಅಥವಾ ಸೇವಾ ನ್ಯೂನತೆ ಎಂಬ ಹಳೆಯ ಹಾದಿಯಲ್ಲಿಯೇ ದೂರು ಕೊಡಬೇಕು. ಉತ್ಪನ್ನವನ್ನು ತಪ್ಪಾಗಿ ಬಳಸಲಾಗಿತ್ತು ಎಂಬುದು ಮಾರಾಟಗಾರನ ಕೈಯಲ್ಲಿರುವ ಪ್ರತಿವಾದ. ನೀರಿನ ನಿರ್ವಹಣೆಯ ಷರತ್ತು ಆ ಪ್ರತಿವಾದಕ್ಕೆ ಸಿದ್ಧ ಸಾಮಗ್ರಿ.

ಹೋಮ್‌ಸ್ಟೇ, ರೆಸಾರ್ಟ್ ಮಾಲೀಕರ ಪಾಡು ಇನ್ನೂ ಕಷ್ಟ. ವಾಣಿಜ್ಯ ಉದ್ದೇಶಕ್ಕೆ ಸರಕು ಕೊಂಡವರು ಕಾಯ್ದೆಯ ಕಣ್ಣಿನಲ್ಲಿ ಗ್ರಾಹಕರೇ ಅಲ್ಲ. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಕೊಂಡದ್ದೆಂದು ಸಾಬೀತುಪಡಿಸಿದವರಿಗಷ್ಟೇ ವಿನಾಯಿತಿ. ಮನೆ ಬಳಕೆಯ ವಾರಂಟಿಯ ಮೇಲೆ ತೊಟ್ಟಿ ಕೊಂಡು ಅತಿಥಿಗಳಿಗೆ ಒದಗಿಸಿದವರು ಎರಡೂ ಕಡೆ ಕೈ ಸುಟ್ಟುಕೊಳ್ಳುತ್ತಾರೆ. ಕಂಪನಿ ವಾಣಿಜ್ಯ ಬಳಕೆಯೆಂದು ವಾರಂಟಿ ನಿರಾಕರಿಸುತ್ತದೆ, ಆಯೋಗವೂ ಅದೇ ಕಾರಣಕ್ಕೆ ದೂರನ್ನು ತಿರಸ್ಕರಿಸಬಹುದು. ಇತ್ತ ಸೋಂಕು ತಗಲಿದ ಅತಿಥಿ ಮಾತ್ರ ನಿಸ್ಸಂಶಯವಾಗಿ ಗ್ರಾಹಕ, ಅವನ ದೂರು ಬರುವುದು ಮಾಲೀಕನ ಮೇಲೆ. ಇಂಥವರು ವಾಣಿಜ್ಯ ಬಳಕೆಗೆಂದೇ ಲಿಖಿತ ವಾರಂಟಿ ನೀಡುವ ಮಾದರಿಯನ್ನು ಹುಡುಕಬೇಕು, ಬೆಲೆ ಹೆಚ್ಚಾದರೂ ಸರಿ.

ವ್ಯಾಜ್ಯ ಎದ್ದಾಗ ಗ್ರಾಹಕನ ಕೈಯಲ್ಲಿರಬೇಕಾದದ್ದು ಸಾಧಾರಣ ನೋಟು ಪುಸ್ತಕ. ದಿನಾಂಕ, ಪಿಎಚ್, ಕ್ಲೋರಿನ್, ಹಾಕಿದ ಮದ್ದು, ಸೋಸುಕ ತೊಳೆದ ದಿನ, ನೀರು ಬದಲಿಸಿದ ದಿನ ಇಷ್ಟನ್ನು ಬರೆದಿಟ್ಟು, ಮದ್ದಿನ ರಸೀದಿಗಳನ್ನು ಜೊತೆಗಿಟ್ಟರೆ ‘ನೀವು ನೀರು ನೋಡಿಕೊಂಡಿಲ್ಲ’ ಎಂಬ ಮಾತಿಗೆ ಉತ್ತರ ಸಿದ್ಧವಿರುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ದೂರಿಗೆ ಮುನ್ನ ರಾಜಿಗೂ ಯತ್ನಿಸಬಹುದು. ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ದೋಷ ನಿರ್ಣಯಿಸಲಾಗದ ಪ್ರಕರಣಗಳಲ್ಲಿ ಸರಕಿನ ಮಾದರಿಯನ್ನು ಮೊಹರು ಮಾಡಿ ಕಳುಹಿಸುವ ಅಧಿಕಾರ ಜಿಲ್ಲಾ ಆಯೋಗಕ್ಕಿದೆ. ಆದರೆ ಹೀಟರು ಸುಟ್ಟಿತೆಂದು ಕರೆಸಿದ ತಂತ್ರಜ್ಞ ಮೊದಲು ಹೇಳುವುದೇ ತೊಟ್ಟಿ ಖಾಲಿ ಮಾಡಿ ಎಂದು. ಹಾಗೆ ಖಾಲಿ ಮಾಡುವ ಮುನ್ನ ಎರಡು ಶುಚಿಯಾದ ಬಾಟಲಿಗಳಲ್ಲಿ ನೀರು ಹಿಡಿದು, ದಿನಾಂಕ ಬರೆದು, ತಂತ್ರಜ್ಞನ ಸಹಿ ಪಡೆದು, ಅಂದೇ ಒಂದನ್ನು ಪ್ರಯೋಗಾಲಯಕ್ಕೆ ಕೊಡದಿದ್ದರೆ ಆ ನೀರು ಹೇಗಿತ್ತೆಂಬುದಕ್ಕೆ ಕಂಪನಿಯ ಮಾತೊಂದೇ ಸಾಕ್ಷ್ಯವಾಗಿ ಉಳಿಯುತ್ತದೆ.